ಯಾವ ಕಾಲ ಛಲೋ ಇತ್ತು?

ಬೀದರ್ ಜಿಲ್ಲೆಯಲ್ಲಿ ‘ಹಿಂದಿನ ಕಾಲ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಕಾಲ. ಕೋಟೆ ನೋಡಲು ಬಂದವರಿಗೆ ಗೈಡು ವರ್ಣಿಸುವುದು ಬಹಮನಿಗಳ ವೈಭವ. ಚೌಬಾರದ ಸುತ್ತಲಿನ ಹಳೆಯ ಓಣಿಗಳಲ್ಲಿ ‘ನಿಜಾಮನ ಕಾಲ’ ಎಂಬ ಮಾತು ಇಂದಿಗೂ ಒಂದು ಬಗೆಯ ಮರ್ಯಾದೆಯಿಂದಲೇ ಬರುತ್ತದೆ. ಭಾಲ್ಕಿಯಲ್ಲಿ ವಿಚಾರಿಸಿದರೆ ಅಲ್ಲಿನ ಹಿರೇಮಠದ ಹಿರಿಯ ಪಟ್ಟದೇವರ ಕಾಲದ ಮಾತು. ಔರಾದ್ ಕಡೆಯ ರೈತರಿಗೆ ಕೊಟ್ಟಿಗೆಯಲ್ಲಿ ದೇವಣಿ ಎತ್ತು ನಿಂತಿದ್ದ ಕಾಲ. ನಿವೃತ್ತ ಮೇಷ್ಟ್ರಿಗೆ ಸಂಬಳ ಕಡಿಮೆ, ಗೌರವ ಜಾಸ್ತಿ ಇದ್ದ ಎಪ್ಪತ್ತರ ದಶಕ. ಇವು ಒಂದಕ್ಕೊಂದು ಹೊಂದುವ ಕಾಲಗಳೂ ಅಲ್ಲ. ಪಟ್ಟದೇವರು ಯಾವ ಆಳ್ವಿಕೆಯ ಕಣ್ಣು ತಪ್ಪಿಸಿ ಕನ್ನಡ ಕಲಿಸಿದರೋ ಅದೇ ಆಳ್ವಿಕೆ ಇನ್ನೊಂದು ಓಣಿಯ ಮಾತಿನಲ್ಲಿ ಸುವರ್ಣಯುಗ. ಆದರೆ ಎಲ್ಲರ ಮಾತೂ ಬಂದು ನಿಲ್ಲುವುದು ಒಂದೇ ಕಡೆ: “ಆಗ ಛಲೋ ಇತ್ತು ನೋಡ್ರಿ, ಈಗೇನದ?”

ಇದನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ತಲೆದೂಗಿ ಒಪ್ಪಿಕೊಳ್ಳುವುದು ಇನ್ನೂ ಸುಲಭ. ನನಗೆ ಅನ್ನಿಸುವುದು ಇಷ್ಟು: ಹಳೆಯ ಕಾಲ ಹೇಗಿತ್ತು ಎಂಬುದಕ್ಕೆ ಈ ಮಾತು ತೀರಾ ದುರ್ಬಲ ಸಾಕ್ಷಿ, ಇವತ್ತು ನಮಗೆ ಏನು ಕೊರತೆಯಾಗಿದೆ ಎಂಬುದಕ್ಕೆ ಬಲವಾದ ಸಾಕ್ಷಿ. ನಾವು ಮಾಡುತ್ತಿರುವುದು ತದ್ವಿರುದ್ಧ. ಹಳೆಯ ಕಾಲದ ಬಗ್ಗೆ ಅದು ಹೇಳುವುದನ್ನೆಲ್ಲ ನಂಬುತ್ತೇವೆ, ಇವತ್ತಿನ ಬಗ್ಗೆ ಅದು ಮಾಡುವ ದೂರನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೊದಲು ಬಹಮನಿಗಳನ್ನೇ ನೋಡೋಣ. ಮಹಮೂದ್ ಗವಾನನ ಮದರಸಾ ಕಟ್ಟಿದ್ದು 1472ರಲ್ಲಿ. ಒಂದು ಪಕ್ಕ ಕುಸಿದ ಆ ಕಟ್ಟಡದ ಮುಂದೆ ಇವತ್ತು ನಿಂತರೂ, ಉಳಿದಿರುವ ಮಿನಾರಿನ ಮೇಲಿನ ಬಣ್ಣದ ಹೆಂಚಿನ ತುಣುಕುಗಳನ್ನು ಕಂಡರೂ, ಇಂಥದ್ದೊಂದನ್ನು ಕಟ್ಟಿದ ಊರು ಎಷ್ಟು ಸಿರಿವಂತವಾಗಿತ್ತೋ ಅನ್ನಿಸದೆ ಇರದು. ಸರಿಸುಮಾರು ಅದೇ ಹೊತ್ತಿಗೆ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫಾನಾಸಿ ನಿಕಿತಿನ್ ಮಾರಲೆಂದು ಒಂದು ಕುದುರೆ ಹಿಡಿದುಕೊಂಡು ಬೀದರಿಗೆ ಬಂದಿದ್ದ. ಅಮೀರರ ಬೆಳ್ಳಿಯ ಪಲ್ಲಕ್ಕಿ, ಸುಲ್ತಾನನ ಸವಾರಿಯ ಆನೆ ಕುದುರೆಗಳನ್ನು ಕಣ್ಣರಳಿಸಿ ನೋಡಿದವನು ಅದರ ಜೊತೆಗೇ ಇನ್ನೊಂದು ಸಂಗತಿಯನ್ನೂ ಬರೆದಿಟ್ಟ: ನಾಡಿನ ತುಂಬ ಜನ, ಹಳ್ಳಿಗರು ಕಡುಬಡವರು, ಅಮೀರರು ಮಾತ್ರ ವಿಪರೀತ ಶ್ರೀಮಂತರು. ಅಮೀರರ ಕಲ್ಲಿನ ಕಟ್ಟಡ ಐದೂವರೆ ಶತಮಾನದಿಂದ ನಿಂತಿದೆ. ಆ ಹಳ್ಳಿಗರ ಮಣ್ಣಿನ ಗುಡಿಸಲು ಮುಂದಿನ ಮಳೆಗಾಲಕ್ಕೇ ಕರಗಿಹೋಗಿರಬೇಕು. ಉಳಿದದ್ದನ್ನಷ್ಟೇ ನೋಡಿ ಕಾಲವನ್ನು ಅಳೆಯಹೊರಟರೆ ಲೆಕ್ಕ ಮೊದಲಿಗೇ ತಪ್ಪುತ್ತದೆ. ಅಂದಹಾಗೆ ಆ ವೈಭವ ಗವಾನನನ್ನೂ ಕಾಯಲಿಲ್ಲ. ಖೊಟ್ಟಿ ಪತ್ರವೊಂದನ್ನು ನಂಬಿ ಅವನ ಸುಲ್ತಾನನೇ 1481ರಲ್ಲಿ ಅವನ ತಲೆ ತೆಗೆಸಿದ.

ನಿಜಾಮರ ಕಾಲ ಇಷ್ಟು ದೂರದ್ದಲ್ಲವಾದ್ದರಿಂದ ಮಾತು ನಾಜೂಕು. ವಿಕಾರಾಬಾದಿನಿಂದ ಬೀದರಿಗೆ ರೈಲು ಬಂದದ್ದು ಆಗ. ಸ್ವಂತ ನಾಣ್ಯ, ಸ್ವಂತ ಅಂಚೆ, ಹೈದರಾಬಾದಿನಲ್ಲಿ ದೊಡ್ಡ ಆಸ್ಪತ್ರೆ, 1918ರಲ್ಲೇ ದೇಶಭಾಷೆಯೊಂದರಲ್ಲಿ ಪಾಠ ಹೇಳಿದ ಉಸ್ಮಾನಿಯಾ ವಿಶ್ವವಿದ್ಯಾಲಯ, ಇವೆಲ್ಲ ಸುಳ್ಳಲ್ಲ. ಆ ದೇಶಭಾಷೆ ಉರ್ದು ಎಂಬುದನ್ನು ಮಾತ್ರ ಮರೆಯಬಾರದು. ಕನ್ನಡ, ಮರಾಠಿ, ತೆಲುಗು ಮನೆಗಳ ಮಕ್ಕಳಿಗೆ ಶಾಲೆಯ ಹೊಸ್ತಿಲು ದಾಟುವುದೆಂದರೆ ಪರಭಾಷೆಗೆ ಕಾಲಿಟ್ಟಂತೆಯೇ. 1951ರ ಜನಗಣತಿಯ ಹೊತ್ತಿಗೆ ಇಡೀ ಹೈದರಾಬಾದ್ ರಾಜ್ಯದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಬೀದರ್ ಜಿಲ್ಲೆಯಲ್ಲಿ 2011ರಲ್ಲಿ ಅದು ನೂರಕ್ಕೆ 70 ದಾಟಿತ್ತು. ಜಹಗೀರು ರದ್ದಾದದ್ದು 1949ರಲ್ಲಿ. ಅಲ್ಲಿಯವರೆಗೆ ಬಿಟ್ಟಿ ಬೇಗಾರಿ ಮಾಡಿದ ಕೇರಿಗಳಲ್ಲಿ ‘ನಿಜಾಮನ ಕಾಲ’ವನ್ನು ಯಾರೂ ಅಷ್ಟು ಮರ್ಯಾದೆಯಿಂದ ನೆನೆಯುವುದಿಲ್ಲ.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರ ಕತೆ ಈ ಭಾಗದ ಮಕ್ಕಳಿಗೂ ಗೊತ್ತು. ಶಾಲೆಯ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. 1890ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬಾಳಿದ ಅವರು ಎರಡೂ ಕಾಲವನ್ನು ಕಣ್ಣಾರೆ ಕಂಡವರು. ಅವರ ಹೆಸರು ಹೇಳಿ ‘ಆ ಕಾಲವೇ ಬೇರೆ’ ಎನ್ನುವವರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಕಾಲ ಅಷ್ಟು ಒಳ್ಳೆಯದಿದ್ದರೆ ಅವರಿಗೆ ಬೋರ್ಡು ಬದಲಿಸುವ ಪಾಡು ಏಕೆ ಬಂತು? ಕಾಲ ಕೆಟ್ಟದ್ದಿತ್ತು, ಮನುಷ್ಯ ದೊಡ್ಡವರಿದ್ದರು. ಇವೆರಡನ್ನು ಕಲಸಿ ಒಂದು ಮಾಡಿದರೆ ಅವರು ಪಟ್ಟ ಕಷ್ಟವನ್ನೇ ಅಳಿಸಿದಂತಾಗುತ್ತದೆ. ಈಗ ಹೊರಗೆ ಕನ್ನಡ ಬೋರ್ಡು, ಒಳಗೆ ಇಂಗ್ಲಿಷ್ ಪಾಠ ಎಂಬ ವ್ಯಂಗ್ಯವೂ ನಮ್ಮ ಪಟ್ಟಣಗಳಲ್ಲಿ ಇದೆ, ಒಪ್ಪುತ್ತೇನೆ. ಆದರೆ ಈಗಿನ ತಂದೆತಾಯಿ ಅದನ್ನು ಬೇಕೆಂದು ಆರಿಸಿಕೊಂಡವರು. ಆಗಿನವರಿಗೆ ಆಯ್ಕೆಯೇ ಇರಲಿಲ್ಲ.

ಹಳೆಯ ಕಾಲದ ಬಗ್ಗೆ ಕೇಳಿಬರುವ ಅತಿ ಹೃದ್ಯವಾದ ಮಾತು ಬೇರೊಂದು: “ಹಿಂದೂ ಮುಸ್ಲಿಮ್ ಅನ್ನೋದು ನಮಗ ಗೊತ್ತೇ ಇರಲಿಲ್ಲ, ಅಣ್ಣತಮ್ಮಂದಿರ ಹಂಗ ಇದ್ದೆವು.” ಇದಕ್ಕೆ ಆಧಾರ ಬೇಕಿದ್ದರೆ ಅಷ್ಟೂರಿಗೆ ಹೋಗಬೇಕು. ಬೀದರನ್ನು ರಾಜಧಾನಿ ಮಾಡಿದ ಅಹ್ಮದ್ ಶಾ ವಲಿಯ ಸಮಾಧಿ ಅಲ್ಲಿದೆ. ಅವನನ್ನು ಅಲ್ಲಮಪ್ರಭು ಎಂದೇ ನಂಬಿ ನಡೆದುಕೊಳ್ಳುವ ಲಿಂಗಾಯತರಿದ್ದಾರೆ. ಅವನ ಉರುಸು ನಮ್ಮ ಹೋಳಿಯ ಲೆಕ್ಕ ಹಿಡಿದು ಬರುತ್ತದೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಶಂಖ ಊದಿ ಪೂಜೆ ಸಲ್ಲಿಸುತ್ತಾರೆ. ಬೀದರಿನ ಸ್ಮಾರಕಗಳ ಬಗ್ಗೆ 1947ರಲ್ಲಿ ದೊಡ್ಡ ಪುಸ್ತಕ ಬರೆದ ಗುಲಾಮ್ ಯಜದಾನಿ ಇದನ್ನೆಲ್ಲ ದಾಖಲಿಸಿದ್ದಾರೆ. ಯಾರೋ ಕಟ್ಟಿದ ಕತೆಯಲ್ಲ, ಈಗಲೂ ನಡೆದುಬಂದಿರುವ ಪದ್ಧತಿ.

ಆ ಪುಸ್ತಕ ಬಂದ ಮರುವರ್ಷವೇ 1948. ಮೇ ತಿಂಗಳಲ್ಲಿ ನಿಜಾಮನ ಪರ ನಿಂತಿದ್ದ ರಜಾಕಾರರು ಗೋರ್ಟಾ ಗ್ರಾಮದ ಮೇಲೆ ಬಿದ್ದು ಮಾಡಿದ ಹತ್ಯಾಕಾಂಡವನ್ನು ಈ ಜಿಲ್ಲೆ ಮರೆತಿಲ್ಲ. ಅಲ್ಲಿ ಸ್ಮಾರಕವಿದೆ, ಭಾಷಣಗಳಿವೆ. ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲೆ ಮುಸ್ಲಿಮರ ಓಣಿಗಳಲ್ಲಿ ಆದದ್ದನ್ನು ಮಾತ್ರ ಜಿಲ್ಲೆ ಗಟ್ಟಿಯಾಗಿ ಹೇಳುವುದಿಲ್ಲ. ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಅತಿ ಹೆಚ್ಚು ಸಾವುನೋವಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಒಂದೇ ವರ್ಷದಲ್ಲಿ ಎರಡು ಕಡೆಯ ಹೆಣಗಳು ಬಿದ್ದ ನೆಲದಲ್ಲಿ ‘ಅಣ್ಣತಮ್ಮಂದಿರ ಹಂಗ ಇದ್ದೆವು’ ಎಂಬ ಮಾತನ್ನು ಹೇಗೆ ತಗೊಳ್ಳುವುದು? ನನ್ನ ಮಟ್ಟಿಗೆ ಅಷ್ಟೂರೂ ನಿಜ, ಗೋರ್ಟಾವೂ ನಿಜ, ಸೆಪ್ಟೆಂಬರೂ ನಿಜ. ಸುಳ್ಳು ಇರುವುದು ಒಂದನ್ನು ಎತ್ತಿಕೊಂಡು ಉಳಿದೆರಡನ್ನು ಬಿಡುವುದರಲ್ಲಿ. ಒಂದು ಪಕ್ಷಕ್ಕೆ ಅಷ್ಟೂರು ಸಾಕು, ಇನ್ನೊಂದಕ್ಕೆ ಗೋರ್ಟಾ ಸಾಕು, ಮಗದೊಂದಕ್ಕೆ ಸೆಪ್ಟೆಂಬರ್ ಸಾಕು. ಮೂರನ್ನೂ ಒಟ್ಟಿಗೆ ಹೇಳುವವರಿಗೆ ವೇದಿಕೆ ಸಿಗುವುದಿಲ್ಲ.

ರಾಜಕೀಯ ಬಿಡಿ, ದಿನನಿತ್ಯದ ಬದುಕಿಗೆ ಬರೋಣ. ‘ಆಗಿನ ನೀರು, ಆಗಿನ ಗಾಳಿ’ ಎನ್ನುವವರು ಬಹಳ. ಹಳೆಯ ಮೆಟ್ಟಿಲು ಬಾವಿಗಳ ಫೋಟೊ ಈಗ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ, ಚಂದವೂ ಇರುತ್ತದೆ. ಅಂಥ ಬಾವಿಗಳಿಂದ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಿಗೆ ಅಂಟಿಕೊಂಡಿದ್ದ ನಾರುಹುಣ್ಣನ್ನು ಮಾತ್ರ ಆ ಫೋಟೊ ತೋರಿಸುವುದಿಲ್ಲ. ನೀರಿನ ಜೊತೆ ಹೊಟ್ಟೆಗೆ ಹೋದ ಹುಳು ವರ್ಷ ತುಂಬುವ ಹೊತ್ತಿಗೆ ಮೊಳಗಟ್ಟಲೆ ಬೆಳೆದು ಕಾಲಿನಲ್ಲಿ ಬೊಕ್ಕೆ ಏಳಿಸಿ ತಲೆ ಹೊರಗೆ ಹಾಕುತ್ತಿತ್ತು. ಬೆಂಕಿ ಇಟ್ಟಂಥ ಉರಿ. ಉರಿ ತಾಳದೆ ರೋಗಿ ಬಾವಿಯ ಮೆಟ್ಟಿಲಿಳಿದು ಕಾಲು ನೀರಿಗಿಟ್ಟರೆ ಹುಳು ಅಲ್ಲಿಯೇ ಮರಿ ಬಿಡುತ್ತಿತ್ತು. ನೀರಿನ ಚಿಗಟ ಆ ಮರಿಯನ್ನು ನುಂಗುತ್ತಿತ್ತು. ಆ ನೀರನ್ನು ಊರು ಕುಡಿಯುತ್ತಿತ್ತು. ಔಷಧಿ ಅಂತ ಇರಲಿಲ್ಲ. ಹುಳದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಎಳೆಯುತ್ತ ವಾರಗಟ್ಟಲೆ ಮಲಗಬೇಕು. ಅವಸರಕ್ಕೆ ಹರಿದರೆ ಕಾಲು ಬಾತು ಕೀವು. ದಿನಗೂಲಿಯವನಿಗೆ ಅಷ್ಟು ದಿನದ ಕೂಲಿಯೂ ಹೋಯಿತು. ಇದು ತಾನಾಗಿ ಮಾಯವಾದ ರೋಗವೂ ಅಲ್ಲ. ಎಂಬತ್ತರ ದಶಕದಲ್ಲಿ ಸರ್ಕಾರದ ಯೋಜನೆ ಬಂತು, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿ ಮಾಡಿದರು, ಕೊಳವೆಬಾವಿ ಕೊರೆದರು, ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಿರೆಂದು ಮನೆಮನೆಗೆ ಹೇಳಿದರು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ದೇಶ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಈಗಿನ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ. ಆ ಗೊತ್ತಿಲ್ಲದಿರುವಿಕೆಯ ಮೇಲೆಯೇ ‘ಆಗಿನ ನೀರು ಅಮೃತ’ ಎಂಬ ಮಾತು ನಿಂತಿದೆ. ಆ ಬಾವಿಗಳ ಮೆಟ್ಟಿಲು ಯಾರು ಇಳಿಯಬಹುದಿತ್ತು, ಯಾರು ದೂರ ನಿಂತು ಯಾರಾದರೂ ಕೊಡಕ್ಕೆ ಸುರಿದಾರೆಂದು ಕಾಯಬೇಕಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬೀಸುವ ಹಾಡುಗಳ ಬಗ್ಗೆ ಜಾನಪದ ವಿದ್ವಾಂಸರು ಮರುಗುವುದುಂಟು. ಹಿಟ್ಟಿನ ಗಿರಣಿ ಬಂದು ಹಾಡು ಸತ್ತವು ಎಂದು. ಹಾಡು ಸತ್ತದ್ದು ನಿಜ, ಅವು ಒಳ್ಳೆಯ ಹಾಡುಗಳೆಂಬುದೂ ನಿಜ. ಆದರೆ ನಸುಕಿನಲ್ಲಿ ಎದ್ದು, ಮನೆಮಂದಿಯ ರೊಟ್ಟಿಗಾಗುವಷ್ಟು ಜೋಳವನ್ನು ಬೆಳಗಾಗುವುದರೊಳಗೆ ಬೀಸಿ, ಆಮೇಲೆ ನೀರು, ಸಗಣಿ, ಹೊಲ ಎಂದು ಹೊರಟ ಸೊಸೆಯೊಬ್ಬಳು ಗಿರಣಿ ಮುಚ್ಚಿಸಿರೆಂದು ಅರ್ಜಿ ಹಾಕಿದ್ದನ್ನು ಯಾರೂ ಕೇಳಿಲ್ಲ. ಕೂಡುಕುಟುಂಬದ ವಾಡೆಯ ಸೊಗಸನ್ನು ಹೇಳುವಾಗ ಮಾತನಾಡುವವರು ಹೆಚ್ಚಾಗಿ ಮುತ್ಯಾಗಳು. ಪಕ್ಕದಲ್ಲಿ ಕೂತ ಆಯಿಯನ್ನು ಕೇಳಿದರೆ ಸುಮ್ಮನೆ ನಗುತ್ತಾಳೆ. ಒತ್ತಾಯಿಸಿದರೆ, ಹೆತ್ತ ಮಕ್ಕಳ ಲೆಕ್ಕವನ್ನೂ ಉಳಿದ ಮಕ್ಕಳ ಲೆಕ್ಕವನ್ನೂ ಬೇರೆ ಬೇರೆ ಹೇಳುತ್ತಾಳೆ. ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 150ರ ಹತ್ತಿರ ಮಕ್ಕಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. ಈಗ ಆ ಸಂಖ್ಯೆ 30ಕ್ಕಿಂತ ಕೆಳಗಿದೆ. ಆಗಿನ ಸರಾಸರಿ ಆಯಸ್ಸು 32ರ ಆಸುಪಾಸು, ಈಗ 70. ಹಳೆಯ ಕಾಲ ಕೆಟ್ಟದಾಗಿತ್ತು ಎಂದು ಸಾಕ್ಷಿ ಹೇಳಬೇಕಾದವರಲ್ಲಿ ಎಷ್ಟೋ ಜನ ಆ ಕಾಲದಲ್ಲೇ ಸತ್ತುಹೋದರು. ಕಟ್ಟೆಯ ಮೇಲೆ ಕೂತು ಹೊಗಳುತ್ತಿರುವವರು ಬದುಕುಳಿದವರು. ನೆನಪಿನ ಸ್ವಭಾವವೂ ಅವರ ಕಡೆಗೇ ವಾಲುತ್ತದೆ: ಕಹಿಯ ತೀವ್ರತೆ ಸಿಹಿಗಿಂತ ಬೇಗ ಮಾಸುತ್ತದೆ, ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳು ಉಳಿದವಕ್ಕಿಂತ ದಟ್ಟವಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಎಪ್ಪತ್ತರ ದಶಕವನ್ನು ಹೊಗಳುವ ಮೇಷ್ಟ್ರಿಗೆ 1972ರ ಬರ ಮರೆತದ್ದಲ್ಲ. ಆಗ ತಮಗೆ ಇಪ್ಪತ್ತೈದು ವರ್ಷವಾಗಿತ್ತು ಎಂಬುದು ಹೆಚ್ಚು ನೆನಪಿದೆ, ಅಷ್ಟೆ.

ಇಷ್ಟು ಹೇಳಿ ‘ಇವತ್ತೇ ಸ್ವರ್ಗ’ ಎಂದು ಕೈತೊಳೆದುಕೊಂಡರೆ ಅದು ಇನ್ನೊಂದು ಬಗೆಯ ಸೋಮಾರಿತನ. ಕೆಲವರಿಗೆ ನಿನ್ನೆ ನಿಜವಾಗಿಯೂ ಚೆನ್ನಾಗಿತ್ತು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಅಣೆಕಟ್ಟೆ ಬಂತು. ಅದರ ನೀರಿನಿಂದ ಕಬ್ಬು ಬೆಳೆದವರಿಗೆ ಇವತ್ತೇ ಒಳ್ಳೆಯ ಕಾಲ. ಹಿನ್ನೀರಿನಲ್ಲಿ ಹೊಲ ಮುಳುಗಿದವರು ನ್ಯಾಯವಾದ ಪರಿಹಾರಕ್ಕಾಗಿ ವರ್ಷಗಟ್ಟಲೆ ಧರಣಿ ಕೂತವರು. ಅವರು ‘ಆಗ ಛಲೋ ಇತ್ತು’ ಎಂದರೆ ಅದು ಹಳಹಳಿಕೆಯಲ್ಲ, ಸರ್ವೆ ನಂಬರು ಸಮೇತ ಹೇಳಬಲ್ಲ ಲೆಕ್ಕ. ಆ ಲೆಕ್ಕವನ್ನೂ ವಯಸ್ಸಾದವರ ಗೊಣಗಾಟದ ಖಾತೆಗೆ ಬರೆದುಕೊಂಡರೆ ಆಡಳಿತಕ್ಕೆ ಬಹಳ ಅನುಕೂಲ.

ಒಕ್ಕಲುತನದ ಮಾತೂ ಹೀಗೆಯೇ. 1998ರಲ್ಲಿ ತೊಗರಿ ಕೈಕೊಟ್ಟು ಬೀದರ್ ಜಿಲ್ಲೆಯಲ್ಲಿ ರೈತರು ಆತ್ಮಹತ್ಯೆ ಮಾಡಿಕೊಂಡಾಗ ರಾಜ್ಯ ಬೆಚ್ಚಿತ್ತು. ಮರುವರ್ಷ ಸಮಾಜವಿಜ್ಞಾನಿ ಎ.ಆರ್. ವಾಸವಿ ಈ ಜಿಲ್ಲೆಯ ಸಂಕಟದ ಬಗ್ಗೆಯೇ ಲೇಖನ ಬರೆದರು. ಕೀಟ, ಸಾಲ, ಮಾರುಕಟ್ಟೆ ಇವುಗಳ ಜೊತೆ ಹೊಸ ಬೇಸಾಯದಲ್ಲಿ ರೈತ ಒಂಟಿಯಾದದ್ದೂ ಆ ಸಾವುಗಳ ಹಿಂದಿದೆ. ಮೊದಲು ಬೀಜ ಯಾವುದು, ಬಿತ್ತುವುದು ಯಾವಾಗ ಎಂಬುದನ್ನು ನಾಲ್ಕು ಜನ ಕೂತು ಮಾತಾಡುತ್ತಿದ್ದರು. ಆಮೇಲೆ ಅದು ರೈತನಿಗೂ ಔಷಧಿ ಅಂಗಡಿಯವನಿಗೂ ನಡುವಿನ ಸಾಲದ ವ್ಯವಹಾರವಾಯಿತು. ಈಗ ಈ ಜಿಲ್ಲೆ ಸೋಯಾ ಬೆಳೆಯುವುದರಲ್ಲಿ ರಾಜ್ಯಕ್ಕೇ ಮುಂದು. ಮಳೆ ಹೋದರೆ, ಧಾರಣೆ ಬಿದ್ದರೆ ಹೊಲದ ಎಲ್ಲ ಸಾಲೂ ಒಟ್ಟಿಗೇ ಹೋಗುತ್ತವೆ. ಜೋಳ, ತೊಗರಿ, ಉದ್ದು, ಹೆಸರು, ಎಳ್ಳು ಕೂಡಿಸಿ ಬಿತ್ತುತ್ತಿದ್ದ ಕಾಲದಲ್ಲಿ ಆದಾಯ ಕಡಿಮೆ ಇತ್ತು, ನಿದ್ದೆ ಬರುತ್ತಿತ್ತು ಎಂದು ರೈತ ಹೇಳಿದರೆ ಅದರಲ್ಲಿ ಹುಸಿಯಿಲ್ಲ. ಅವನು ಕೇಳುತ್ತಿರುವುದು ಬೆಲೆಯ ಭರವಸೆ, ಬೆಳೆವಿಮೆ, ಮಾತಿಗೆ ನಾಲ್ಕು ಜನ. ಇದರಲ್ಲಿ ಯಾವುದಕ್ಕೂ ನಿಜಾಮ ಮರಳಿ ಬರಬೇಕಿಲ್ಲ.

ಔರಾದ್ ತಾಲ್ಲೂಕಿನವರ ನೆನಪಿನಲ್ಲಿ ಇನ್ನೊಂದು ಎಳೆಯಿದೆ. 1956ರ ನವೆಂಬರ್ 1ಕ್ಕೆ ಮೊದಲು ಉದಗೀರ, ನಿಲಂಗಾ, ಅಹಮದಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲವೂ ಬೀದರ್ ಜಿಲ್ಲೆಯೇ. ಭಾಷಾವಾರು ಪ್ರಾಂತ ಬಂದು ಜಿಲ್ಲೆ ಮೂರು ರಾಜ್ಯಕ್ಕೆ ಹಂಚಿಹೋಯಿತು. ಕನ್ನಡಿಗರ ಏಕೀಕರಣವೆಂದು ನಾವು ಸಂಭ್ರಮಿಸುವ ದಿನವೇ ಇಲ್ಲಿನ ಎಷ್ಟೋ ಮನೆಗಳಿಗೆ ಸೋದರಮಾವನ ಊರು ಬೇರೆ ರಾಜ್ಯವಾದ ದಿನ. ಏಕೀಕರಣ ತಪ್ಪೆಂದು ನಾನು ಹೇಳುತ್ತಿಲ್ಲ. ಗಡಿಯಾಚೆಯಿಂದ ಸೊಸೆಯಾಗಿ ಬಂದವಳು ಜಾತಿ ಪ್ರಮಾಣಪತ್ರಕ್ಕೆ ತವರಿನ ತಹಸೀಲ ಕಚೇರಿಗೆ ಅಲೆಯಬೇಕಾಗಿ ಬಂದಾಗ ‘ಮೊದಲು ಹೀಗಿರಲಿಲ್ಲ’ ಎಂದರೆ, ಆ ದೂರು ಬೆಂಗಳೂರಿಗೂ ಮುಂಬಯಿಗೂ ಕೇಳಿಸಬೇಕು ಎನ್ನುತ್ತಿದ್ದೇನೆ. ಬೆಂಗಳೂರು ಇಲ್ಲಿಂದ ಸುಮಾರು 700 ಕಿಲೋಮೀಟರ್. ಬೀದರ್–ಕಲಬುರಗಿ ನಡುವೆ ನೂರಾಹತ್ತು ಕಿಲೋಮೀಟರ್ ರೈಲುದಾರಿ ಆಗಲು 2017ರ ಅಕ್ಟೋಬರ್ ಬರಬೇಕಾಯಿತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಔರಾದ್, ಭಾಲ್ಕಿ ಎರಡೂ ಅದರಲ್ಲಿದ್ದವು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಇಲ್ಲಿನ ಮಕ್ಕಳಿಗೆ ಸೀಟು, ನೌಕರಿ ಸಿಗುತ್ತಿದೆ. ಅದನ್ನು ಹಗುರವಾಗಿ ನೋಡಲಾರೆ. ಆದರೂ ವರ್ತಮಾನ ತಡವಾಗಿ ತಲುಪುವ ನಾಡಿನಲ್ಲಿ ಜನ ಹಿಂದಕ್ಕೆ ನೋಡಿದರೆ ಆಶ್ಚರ್ಯವೇನು?

ಒಂದು ವಿಷಯದಲ್ಲಂತೂ ಹಿಂದಿನವರೇ ಗೆದ್ದಿದ್ದಾರೆ. ನೌಬಾದಿನಲ್ಲಿ ಕೆಮ್ಮಣ್ಣಿನ ಕಲ್ಲು ಕೊರೆದು ನೆಲದಡಿಯಲ್ಲಿ ನೀರು ಹರಿಸಿದ ಸುರಂಗ ಬಾವಿ, ಅಂದರೆ ಕರೇಜ್, 15ನೇ ಶತಮಾನದ್ದು. ಭೂಗೋಳದ ಅಧ್ಯಾಪಕರೊಬ್ಬರು ಅದರ ಜಾಡು ಹಿಡಿಯುವವರೆಗೆ ನಮ್ಮ ಕಾಲ ಅದರ ಗಾಳಿಗಂಡಿಗಳಿಗೆ ಕಸ ಸುರಿಯುತ್ತಿತ್ತು. ಅಂತರ್ಜಲವನ್ನು ಊರಿನ ಸೊತ್ತಾಗಿ ಕಂಡ ವ್ಯವಸ್ಥೆ ಅದು. ನಾವು ಮನೆಗೊಂದು ಬೋರು ಕೊರೆದು ಒಬ್ಬರ ನೀರನ್ನು ಒಬ್ಬರು ಹೀರುತ್ತಿದ್ದೇವೆ. ಆ ಸುರಂಗ ತೋಡಿದ ಕೂಲಿಗಳ ಸ್ಥಿತಿಯನ್ನು ನಿಕಿತಿನ್ ಆಗಲೇ ಹೇಳಿದ್ದಾನೆ. ಅವರ ಜಾಣ್ಮೆ ತಗೊಂಡು ಅವರ ಸುಲ್ತಾನನನ್ನು ಬಿಡಲು ನಮಗೇನೂ ಅಡ್ಡಿಯಿಲ್ಲ.

ಆದ್ದರಿಂದ ‘ಹಿಂದಿನ ಕಾಲ ಛಲೋ ಇತ್ತು’ ಎಂದು ಭಾಷಣದಲ್ಲಿ ಕೇಳಿದಾಗ ಅನುಮಾನಿಸಬೇಕು, ಮನೆಯ ಕಟ್ಟೆಯ ಮೇಲೆ ಕೇಳಿದಾಗ ಪ್ರಶ್ನೆ ಕೇಳಬೇಕು. ಯಾವ ವರ್ಷ? ಯಾರ ಬಾವಿ? ಕೂಲಿ ಎಷ್ಟು? ಯಾರು ಎಲ್ಲಿ ಕೂರುತ್ತಿದ್ದರು? ಶಾಲೆಗೆ ಯಾರು ಹೋದರು, ಯಾರನ್ನು ಬಿಡಿಸಿದರು? ಇಂಥ ಪ್ರಶ್ನೆ ಬಿದ್ದ ಕೂಡಲೇ ಹೊಗಳಿಕೆ ನಿಂತು ಸಂಗತಿ ಹೊರಬರುತ್ತದೆ. ಬೀದರ್, ಭಾಲ್ಕಿ, ಔರಾದಿನ ಹೈಸ್ಕೂಲು, ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಮನವಿ: ಮಕ್ಕಳಿಗೆ ಈ ಪ್ರಶ್ನೆಗಳನ್ನು ಕೊಟ್ಟು ಅವರವರ ಮುತ್ಯಾ, ಆಯಿಯರ ಮುಂದೆ ಕೂರಿಸಿ, ಎಲ್ಲ ಓಣಿಗಳಲ್ಲೂ, ಎಲ್ಲ ಕೇರಿಗಳಲ್ಲೂ. ಉತ್ತರ ಕನ್ನಡದಲ್ಲಿ ಬರಲಿ, ಮರಾಠಿಯಲ್ಲಿ ಬರಲಿ, ಉರ್ದುವಿನಲ್ಲಿ ಬರಲಿ, ಹೇಳಿದ ಹಾಗೆಯೇ ಬರೆಸಿ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಸಮೀಪ. ಈ ಕೆಲಸಕ್ಕೆ ಇನ್ನು ಹೆಚ್ಚು ವರ್ಷಗಳು ಉಳಿದಿಲ್ಲ.